ಡ್ರೈವರ್‌ಗೆ ಬಿದ್ದ ದಂಡದ ಸುದ್ದಿ ಸಾಹುಕಾರರಿಗೂ ಮುಟ್ಟಲಿ!

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬಂಧುಗಳೇ,

ಭತ್ತದ ಲಾರಿ, ಮರಳಿನ ಟಿಪ್ಪರ್, ಶಾಲೆ ಬಸ್ಸು, ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ, ಎಲ್ಲವೂ ಓಡುವುದು ನಮ್ಮ ಮೂರೂ ಊರು ದಾಟುವ 150ಎ ಹೆದ್ದಾರಿಯಲ್ಲೇ. 2025ರ ಜನವರಿ 21ರ ರಾತ್ರಿ ಸಿಂಧನೂರು ಬಳಿ ವಾಹನ ಪಲ್ಟಿಯಾಗಿ ಮಂತ್ರಾಲಯದ ಮೂವರು ವಿದ್ಯಾರ್ಥಿಗಳೂ ಚಾಲಕನೂ ಸತ್ತರು. ಬೆಳಗಾಗುವುದರೊಳಗೆ ಯಲ್ಲಾಪುರದ ಹತ್ತಿರ ಲಾರಿ ಉರುಳಿ, ಕುಮಟಾ ಸಂತೆಗೆ ಹೊರಟಿದ್ದ ಸವಣೂರಿನ 10 ಮಂದಿ ಪ್ರಾಣ ಬಿಟ್ಟರು. ಸರಕಿನ ಲಾರಿಯಲ್ಲಿ ಜನ! ನಮ್ಮಲ್ಲಿ ದಿನವೂ ಕಾಣುವ ನೋಟ.

ಇಂಥ ತಪ್ಪಿಗೆ ಪೊಲೀಸರು ದಂಡ ಹಾಕುತ್ತಾರೆ. ಡ್ರೈವರ್ ಕಟ್ಟುತ್ತಾನೆ, ರಸೀದಿ ಅವನ ಜೇಬು ಸೇರುತ್ತದೆ. ಬಸ್ಸು ಗುತ್ತಿಗೆಯದಾದರೆ ಶಾಲೆಗೆ ಸುದ್ದಿಯೇ ಇಲ್ಲ.

2023ರ ಡಿಸೆಂಬರಿನಲ್ಲಿ ಬೆಂಗಳೂರು ಸಂಚಾರ ಪೊಲೀಸರು ಐಟಿ ನೌಕರರ ತಪ್ಪುಗಳನ್ನು ಅವರ ಕಂಪನಿಗಳಿಗೆ ತಿಳಿಸಲು ಮುಂದಾದರು. ಸ್ವಂತ ಬೈಕಿನ ತಪ್ಪು ಆಫೀಸಿಗೇಕೆ ಎಂದು ಯಾರಾದರೂ ಕೇಳಿದರೆ ಅದರಲ್ಲಿ ಹುರುಳಿದೆ. ನಮ್ಮಲ್ಲಿ ಆ ಪ್ರಶ್ನೆಯೇ ಏಳದು: ಲಾರಿ ಸಾಹುಕಾರರದು, ಲೋಡ್ ಅವರದು, "ಬೆಳಗಾಗುವುದರೊಳಗೆ ಮುಟ್ಟಿಸು" ಎಂಬ ಫೋನೂ ಅವರದೇ.

ಹೊಣೆ ಮಾಲೀಕರದೂ ಹೌದೆಂದು ಕಾನೂನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲಿ ಮಿತಿಮೀರಿದ ವೇಗಕ್ಕೆ ಓಡಿಸಿದವನಿಗಷ್ಟೇ ಅಲ್ಲ, ಕೆಲಸಗಾರನಿಂದ ಹಾಗೆ ಓಡಿಸಿದವರಿಗೂ ದಂಡವಿದೆ. ಓವರ್‌ಲೋಡ್‌ಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಅದು ಮಾಲೀಕರಿಗೆ ಗೊತ್ತಿದ್ದೇ ಆಯಿತೆಂದು ನ್ಯಾಯಾಲಯ ಭಾವಿಸಬಹುದು.

ನಾವು ಕೇಳುವುದು: ಬಾಡಿಗೆ ವಾಹನದ ಮೇಲೆ ಬಿದ್ದ ಪ್ರತಿ ಕೇಸಿನ ನಕಲು ಸಂಬಂಧಪಟ್ಟ ರೈಸ್ ಮಿಲ್ಲಿಗೆ, ಟ್ರಾನ್ಸ್‌ಪೋರ್ಟ್ ಮಾಲೀಕರಿಗೆ, ಶಾಲೆಯ ಆಡಳಿತ ಮಂಡಳಿಗೆ ಲಿಖಿತವಾಗಿ ಹೋಗಲಿ. ಪ್ರತಿ ವಾಹನದ ಹಿಂದೆ ಮಾಲೀಕರ ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿರಲಿ. ಸುಂದರಿಯರ ಚಿತ್ರಕ್ಕೆ ಜಾಗವಿದೆ, ನಂಬರಿಗಿಲ್ಲವೇ?

ಡ್ರೈವರ್ ಅಣ್ಣಂದಿರೇ, ಇದು ನಿಮ್ಮ ಹೊಟ್ಟೆಯ ಮೇಲೆ ಹೊಡೆಯಲು ಅಲ್ಲ. ದಂಡವನ್ನು ನಿಮ್ಮ ಪಗಾರದಲ್ಲಿ ಮುರಿದುಕೊಂಡು ಕೈತೊಳೆಯುವ ಮಾಲೀಕರನ್ನೂ ನಾವು ಪ್ರಶ್ನಿಸುತ್ತೇವೆ. ಐವರು ಅಥವಾ ಹೆಚ್ಚು ಸಾರಿಗೆ ಕೆಲಸಗಾರರಿರುವಲ್ಲಿ ದಿನಕ್ಕೆ 8 ತಾಸಿನ ದುಡಿಮೆ ಎಂದು 2025ರವರೆಗೆ ಜಾರಿಯಲ್ಲಿದ್ದ, ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯ್ದೆ ಹೇಳಿತ್ತು. ಆ 8 ತಾಸಿನ ಮಿತಿಯನ್ನು ಕೇಳಿ ಪಡೆಯಿರಿ. ನಿದ್ದೆಗೆಟ್ಟವನಿಗೆ ಇನ್ನೊಂದು ಖೇಪು ಹಚ್ಚಬಾರದು.

ತಾಯಂದಿರೇ, ತಂದೆಯರೇ, ನಾಳೆಯೇ ಶಾಲೆಗೆ ಹೋಗಿ ಬಸ್ಸಿನ ಮೇಲಿರುವ ಕೇಸುಗಳ ಪಟ್ಟಿ ಕೇಳಿ. ನಿಮ್ಮ ಊರಿನ ಪೊಲೀಸ್ ಠಾಣೆಗೂ ತಹಶೀಲ್ದಾರರಿಗೂ ಈ ಬೇಡಿಕೆಗಳ ಮನವಿ ಬರೆದುಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.

— ಇದೇ ರಸ್ತೆಯಲ್ಲಿ ಓಡಾಡುವ ಮೂರೂ ಊರಿನವರು