ಸಂಚಿಯ ರೊಕ್ಕ, ಕಾರ್ಡಿನ ರೊಕ್ಕ

ನಮ್ಮ ಹೂಲಿಗೆ ರೈಲಿಲ್ಲ. ಸವದತ್ತಿಗೂ ಇಲ್ಲ. ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಬೇಕು. ಹಾಗಿದ್ದರೂ ನಮ್ಮ ಅತ್ತೆಯವರ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ಈಗ ರೈಲಿನ ಕಾರ್ಡೂ ಒಂದಿದೆ! ದೊಡ್ಡ ಶಹರದಲ್ಲಿರುವ ನನ್ನ ಮಗ, ಅಜ್ಜಿ ಊರು ನೋಡಲಿ ಎಂದು ರೊಕ್ಕ ತುಂಬಿಸಿ ಕೊಟ್ಟದ್ದು. ಹದಿನೈದು ದಿನ ಇದ್ದು ಬಂದ ಅತ್ತೆ ಅದನ್ನು ನನ್ನ ಮುಂದೆ ಹಿಡಿದು ಕೇಳಿದರು: "ಇದರಾಗ ಇನ್ನ ಎಷ್ಟ ರೊಕ್ಕ ಉಳದೈತಿ ನೋಡವ್ವಾ."

ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕಾರ್ಡಿನ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಮಗನಿಗೆ ಫೋನು ಮಾಡಿದರೆ ಅರವತ್ತೆಂಟು ಎಂದ. "ಅರವತ್ತೆಂಟ ರೂಪಾಯಿ ನನ್ನವ. ಆದರ ಸವದತ್ತಿ ಸಂತ್ಯಾಗ ಒಂದ ಕಟ್ಟ ಕೊತ್ತಂಬರಿ ಸುದ್ದಾ ಬರಂಗಿಲ್ಲ" ಎಂದು ಅತ್ತೆ ಕಾರ್ಡನ್ನು ಮತ್ತೆ ಸಂಚಿಗೆ ಸೇರಿಸಿದರು. ನಾನು ನಕ್ಕೆ. ಆಮೇಲೆ ಯೋಚಿಸಿದಾಗ ನಗು ಬರಲಿಲ್ಲ.

ಗೆಳತಿಯರೇ, ನಾನು ಕಾರ್ಡನ್ನು ಹಳಿಯಲು ಕೂತಿಲ್ಲ. ಅದರೊಳಗೆ ಒಂದು ಪುಟ್ಟ ಚಿಪ್ಪು, ಸುತ್ತ ಸಣ್ಣ ತಂತಿಯ ಸುರುಳಿ. ಬ್ಯಾಟರಿ ಇಲ್ಲ, ಬಾಗಿಲಿನ ಯಂತ್ರದ ಹತ್ತಿರ ಹಿಡಿದರೆ ಅದರಿಂದಲೇ ಶಕ್ತಿ ಪಡೆದು ಲೆಕ್ಕ ಒಪ್ಪಿಸುತ್ತದೆ. ಚಿಲ್ಲರೆಯ ಜಗಳವಿಲ್ಲ, ಗದ್ದಲದಲ್ಲಿ ಪರ್ಸು ಬಿಚ್ಚುವ ಅಂಜಿಕೆಯಿಲ್ಲ. ದಿನಾ ನೌಕರಿಗೆ ಓಡುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ನನ್ನ ತಕರಾರು ಇರುವುದು ಕಾರ್ಡಿನ ಹೆಸರಿನಲ್ಲಿ ಕೇಳುವ ಮುಂಗಡದ ಮೇಲೆ.

2011ರಲ್ಲಿ ಓಡಾಟ ಶುರುಮಾಡಿದ ಬೆಂಗಳೂರಿನ ನಮ್ಮ ಮೆಟ್ರೋವನ್ನೇ ನೋಡಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಅತಿ ಕಡಿಮೆ ದರ 10 ರೂಪಾಯಿ, ಅತಿ ಹೆಚ್ಚು 90 ರೂಪಾಯಿ ಆಯಿತು. ಜೊತೆಗೆ, ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಲೇಬೇಕೆಂಬ ನಿಯಮವೂ ಬಂತು. ಹತ್ತು ರೂಪಾಯಿ ದಾರಿಗೆ ಹೋಗುವವಳ ಕಾರ್ಡಿನಲ್ಲಿಯೂ ತೊಂಬತ್ತು! ಈ ಲೆಕ್ಕದಲ್ಲಿ ನಮ್ಮ ಅತ್ತೆಯ ಅರವತ್ತೆಂಟು ರೊಕ್ಕವೇ ಅಲ್ಲ.

ದರ ಮುರಿದುಕೊಳ್ಳುವುದು ಇಳಿದು ಹೊರಗೆ ಬರುವಾಗ. ಎಷ್ಟು ದೂರ ಹೋದರೂ ರೊಕ್ಕ ಸಾಲಬೇಕಲ್ಲ ಎಂದು ಯಾರಾದರೂ ವಾದಿಸಬಹುದು. ಹಾಗಾದರೆ 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಂದ ಆಕ್ಟೋಪಸ್ ಕಾರ್ಡನ್ನು ನೋಡಬೇಕು. ಅದರಲ್ಲಿ ಅಷ್ಟಿಷ್ಟು ಹಣವಿದ್ದು ದರಕ್ಕೆ ಸಾಲದೆ ಬಂದರೂ ಒಂದು ಮಿತಿಯವರೆಗೆ ಬಾಕಿ ಬರೆದುಕೊಂಡು ಬಿಡುತ್ತಾರೆ. ಮುಂದೆ ತುಂಬಿದಾಗ ಮುರಿದುಕೊಳ್ಳುತ್ತಾರೆ. ಮೊದಲೇ ಇಟ್ಟುಕೊಂಡ ಠೇವಣಿ ಅದಕ್ಕೆ ಭದ್ರತೆ. ಹೂಲಿಯ ಕಿರಾಣಿ ಅಂಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವರು ಅದಕ್ಕೆ ಉದ್ರಿ ಎನ್ನುತ್ತಾರೆ. ಅಂಗಡಿಯವರು ನಮ್ಮನ್ನು ನಂಬಿ ಉದ್ರಿ ಕೊಡುವಾಗ, ಇಷ್ಟು ದೊಡ್ಡ ರೈಲು ನಮ್ಮಿಂದಲೇ ಮುಂಗಡ ಕೇಳುವುದು ಯಾವ ನ್ಯಾಯ?

ಇನ್ನು ರಿಯಾಯಿತಿಯ ಮಾತು. ಮೆಟ್ರೋ ಕಾರ್ಡಿನವರಿಗೆ ದರದಲ್ಲಿ ಶೇಕಡಾ 5 ಕಡಿಮೆ ಮಾಡಿತು. ರೈಲ್ವೆಯವರೂ ತಮ್ಮ ಟಿಕೆಟ್ ಯಂತ್ರದ ಕಾರ್ಡಿಗೆ ರೊಕ್ಕ ತುಂಬಿದವರಿಗೆ ಬೋನಸ್ಸು ಕೊಟ್ಟರು. ಆದರೆ ಮುಂಗಡ ತುಂಬಬಲ್ಲವರು ಯಾರು? ತಿಂಗಳ ಪಗಾರದವರು. ಬುಟ್ಟಿ ಕಾಯಿಪಲ್ಲೆ ಮಾರಿ ಅಂದಿನ ರೊಕ್ಕ ಅಂದೇ ಎಣಿಸುವವಳು ಪೂರ್ತಿ ದರ ತೆರುತ್ತಾಳೆ. ಇದ್ದವರಿಗೆ ಸೋವಿ, ಇಲ್ಲದವರಿಗೆ ತುಟ್ಟಿ!

ಎಲ್ಲ ವಾಹನಗಳಿಗೂ ಒಂದೇ ಕಾರ್ಡು ಇರಲೆಂದು 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಕಾರ್ಡೂ ಬಂತು. ಒಳ್ಳೆಯದೇ. ನಾಲ್ಕು ಸಂಚಿ ಹೋಗಿ ಒಂದೇ ಸಂಚಿಯಾದರೂ ಅದನ್ನು ಮೊದಲು ತುಂಬಬೇಕಾದವರು ನಾವೇ ಅಲ್ಲವೇ?

ಮನೆಖರ್ಚಿನಲ್ಲಿ ಎರಡು ಉಳಿಸಿ, ಒಂದು ಕೂಡಿಟ್ಟು, ಗಂಡಿಗೂ ಹೇಳದೆ ಸಾಸಿವೆ ಡಬ್ಬಿಯಲ್ಲಿ ಮುಚ್ಚಿಡುವವರು ನಾವು. ಬೇಕೆಂದಾಗ ಕೈಗೆ ಸಿಗುವುದೇ ಆ ರೊಕ್ಕದ ಧೈರ್ಯ. ಕಾರ್ಡು ಬರಲಿ, ಧಾರವಾಡದ ರೈಲಿಗೂ ಬರಲಿ. ಆದರೆ ಕನಿಷ್ಠ ರೊಕ್ಕದ ಹಟ ಬಿಡಲಿ. ಒಂದು ಸಲದ ಉದ್ರಿ ಇರಲಿ. ಉಳಿದದ್ದನ್ನು ಯಾವ ನಿಲ್ದಾಣದಲ್ಲಿ ಕೇಳಿದರೂ ತಿರುಗಿ ಕೊಡಲಿ. ನಾಣ್ಯ ಹಿಡಿದು ಬಂದವಳಿಗೆ ಟಿಕೆಟ್ಟಿನ ಕಿಟಕಿ ತೆರೆದಿರಲಿ, ದರವೂ ಒಂದೇ ಇರಲಿ.

ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ, "ಚಲೋ ಬರದಿ. ಆದರ ನನ್ನ ಅರವತ್ತೆಂಟ ಯಾವಾಗ ಬರತಾವ?" ಎಂದರು.

ಉತ್ತರ ಕೊಡಬೇಕಾದವಳು ನಾನಲ್ಲ.