ಕಾರಣಗಳ ಪಟ್ಟಿ ಮತ್ತು ಬಂದೂಕು

1999ರ ಏಪ್ರಿಲ್ 20ರಂದು ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಮಂದಿ ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಟ್ಟು ಕೊಂದರು. ಅಲ್ಲಿನ ಜನ ವಿಡಿಯೊ ಆಟಗಳನ್ನು ದೂರಿದರು, ರಾಕ್ ಸಂಗೀತವನ್ನು ಹಳಿದರು, ತಾಯ್ತಂದೆಯರನ್ನು ಶಪಿಸಿದರು. ನಮ್ಮವರೂ ಇಂಥ ಸುದ್ದಿ ಬಂದಾಗಲೆಲ್ಲ 'ಪಾಶ್ಚಾತ್ಯ ಸಂಸ್ಕೃತಿಯ ಫಲ' ಎಂದು ತೀರ್ಪಿತ್ತು ನಿಶ್ಚಿಂತರಾಗುತ್ತಾರೆ. ಈ ತೀರ್ಪನ್ನು ನಾನು ಒಪ್ಪಲಾರೆ.

ಬ್ರಿಟನ್, ಆಸ್ಟ್ರೇಲಿಯಗಳು ಪಾಶ್ಚಾತ್ಯವಲ್ಲವೆ? 1996ರಲ್ಲಿ ಡನ್‌ಬ್ಲೇನ್ ಶಾಲೆಯ 16 ಮಕ್ಕಳೂ ಒಬ್ಬ ಶಿಕ್ಷಕಿಯೂ ಹತರಾದ ಮರುವರ್ಷವೇ ಬ್ರಿಟನ್ ಖಾಸಗಿ ಪಿಸ್ತೂಲುಗಳನ್ನು ಬಹುಮಟ್ಟಿಗೆ ನಿಷೇಧಿಸಿತು. ಅದೇ ವರ್ಷ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತಾಗ ಆಸ್ಟ್ರೇಲಿಯ ಆರು ಲಕ್ಷಕ್ಕೂ ಮಿಕ್ಕ ಬಂದೂಕುಗಳನ್ನು ಹಣ ತೆತ್ತು ಹಿಂಪಡೆಯಿತು. ಅಲ್ಲಿನ ಹುಡುಗರೂ ಅದೇ ಆಟ ಆಡುತ್ತಾರೆ, ಅದೇ ಹಾಡು ಕೇಳುತ್ತಾರೆ. ಆದರೂ ಇಂಥ ಕೊಲೆಗಳು ಅಲ್ಲಿ ವಿರಳ. ಅಮೆರಿಕದಲ್ಲಾದರೋ 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯ 20 ಎಳೆಯರು ಸತ್ತ ಮೇಲೂ, ಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾವ 2013ರಲ್ಲಿ ಸೆನೆಟ್ಟಿನಲ್ಲಿ ಬಿದ್ದುಹೋಯಿತು.

ಕಡತಗಳ ನಡುವೆ ಆಯುಷ್ಯ ಕಳೆದ ನಾನು ಬಲ್ಲೆ: ಕಾರಣಗಳ ಪಟ್ಟಿ ಬೆಳೆದಷ್ಟೂ ನಿರ್ಧಾರ ಮುಂದಕ್ಕೆ ಹೋಗುತ್ತದೆ. ಒಂಟಿತನ, ಸೇಡು, ಮನೋರೋಗಗಳು ಯಾವ ನಾಡಿನಲ್ಲಿಲ್ಲ? ಕೈಗೆಟಕುವ ಬಂದೂಕು ಮಾತ್ರ ಎಲ್ಲೆಡೆ ಇಲ್ಲ.

ನಮ್ಮನ್ನು ಕಾಯುತ್ತಿರುವುದರಲ್ಲಿ ಸಂಸ್ಕೃತಿಗಿಂತ 1959ರ ಆಯುಧ ಕಾಯಿದೆಯ ಪಾಲು ದೊಡ್ಡದು. 2007ರ ಡಿಸೆಂಬರಿನಲ್ಲಿ ದೆಹಲಿಯ ಮಗ್ಗುಲಿನ ಗುಡಗಾಂವದ ಶಾಲೆಯೊಂದರಲ್ಲಿ ಬಾಲಕನೊಬ್ಬನನ್ನು ಸಹಪಾಠಿಗಳು ಕೊಂದದ್ದು ಮನೆಯಿಂದ ತಂದ ಪಿಸ್ತೂಲಿನಿಂದಲೇ. ಅಂದು ನಮ್ಮ ಸಂಸ್ಕೃತಿ ಎಲ್ಲಿತ್ತು? ಪರರ ಮಕ್ಕಳ ಶವಗಳ ಮುಂದೆ ನಿಂತು ಮಾಡಿಕೊಳ್ಳುವ ಆತ್ಮಪ್ರಶಂಸೆ ಸಂಸ್ಕೃತಿಯಂತೂ ಅಲ್ಲ.