ಶಕ್ತಿ ಒಂದೇ, ಪರಿಣಾಮ ಬೇರೆ
ಅಮೆರಿಕದಲ್ಲಿ ಜಿಂಕೆ ಬೇಟೆಗೂ, ಕುರಿ ಹಿಡಿಯುವ ಕಯೋಟಿ ಎಂಬ ತೋಳದ ಜಾತಿಯ ಸಣ್ಣ ಪ್ರಾಣಿಯ ಬೇಟೆಗೂ ಒಂದೇ ರೈಫಲ್ ಸಾಕೇ? ವಿಂಚೆಸ್ಟರ್ ಕಂಪನಿ 1955ರಲ್ಲಿ ತಂದ .243 ತೋಟಾ ಎರಡಕ್ಕೂ ಒದಗುತ್ತದೆ. ಆದರೆ ಗುಂಡು ಬೇರೆಯಿರಬೇಕು.

3.6 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 1,200 ಮೀಟರ್ ವೇಗದಲ್ಲಿ ಹೊರಡುತ್ತದೆ, 6.5 ಗ್ರಾಂ ಗುಂಡು ಸುಮಾರು 900 ಮೀಟರ್ ವೇಗದಲ್ಲಿ. ಲೆಕ್ಕ ಹಾಕಿ ನೋಡಿ, ಎರಡರ ಚಲನಶಕ್ತಿಯೂ ಹೆಚ್ಚುಕಡಿಮೆ 2,600 ಜೂಲ್!

ತೆಳು ಕವಚದ ಹಗುರ ಗುಂಡು ತಗುಲಿದೊಡನೆ ಚೂರಾಗುತ್ತದೆ. ಕಯೋಟಿಗೆ ಅಷ್ಟು ಸಾಕು. ಜಿಂಕೆಗಾದರೆ ಗುಂಡು ಹೃದಯ, ಶ್ವಾಸಕೋಶದವರೆಗೆ ಇಳಿಯಬೇಕು. ಅದಕ್ಕೆ ಭಾರವಾದ ಗಟ್ಟಿ ಗುಂಡೇ ಆಗಬೇಕು. ಇಲ್ಲವಾದರೆ ಜಿಂಕೆ ಗಾಯ ಹೊತ್ತು ಓಡಿ, ನರಳಿ ಸಾಯುತ್ತದೆ. ಕೊಲೊರಾಡೊ ರಾಜ್ಯದಲ್ಲಂತೂ ಜಿಂಕೆ ಬೇಟೆಗೆ 0.24 ಅಂಗುಲಕ್ಕಿಂತ ಕಿರಿದಾದ ನಳಿಗೆಯ ರೈಫಲ್ಲಿಗೆ ಕಾನೂನಿನ ಅನುಮತಿಯೇ ಇಲ್ಲ.